ರೇಷನ್ ಕಾರ್ಡಿನ ಮೇಲೆ ಮಲ್ಲಿಗೆ

ಎರಡನೇ ಮಹಾಯುದ್ಧದ ಕಾಲಕ್ಕೆ ನನಗೆ ಇಪ್ಪತ್ತು ವರ್ಷ. ಬ್ರಹ್ಮಾವರದ ತವರಿನಿಂದ ಮದುವೆಯಾಗಿ ಕುಂದಾಪುರದ ಮನೆಗೆ ಬಂದಿದ್ದೆ. ಗಂಡ ಬೈಂದೂರಿನಲ್ಲಿ ಮೇಷ್ಟ್ರು, ಶನಿವಾರ ಬಂದು ಸೋಮವಾರ ಹೋಗುವವರು. ಮನೆಯ ಮುಂದಿನ ಕೋಣೆಯಲ್ಲಿ ಅವರ ಅಣ್ಣನ, ಎಂದರೆ ನನ್ನ ಭಾವನವರ, ರೇಷನ್ ಅಂಗಡಿ. ಮಧ್ಯಾಹ್ನ ಅತ್ತೆ ಮಲಗಿದ ಮೇಲೆ ನನಗೆ ಕೆಲಸವಿರುತ್ತಿರಲಿಲ್ಲ. ಚಿತ್ರ ಬಿಡಿಸೋಣವೆಂದರೆ ಕಾಗದ ಸಿಗದ ದಿನಗಳು. ಹಾಗಾಗಿ ಅಡಿಕೆ ಹಾಳೆಯ ಬೀಸಣಿಗೆಗಳ ಮೇಲೆ ಅಚ್ಚು ಒತ್ತಲು ಶುರು ಮಾಡಿದೆ.

ಬೆಂಡೆಕಾಯಿಯನ್ನು ಅಡ್ಡ ಕೊಯ್ದು ಕೆಮ್ಮಣ್ಣಿನಲ್ಲಿ ಅದ್ದಿದರೆ ಒಂದು ಹೂ. ಬಾಳೆದಿಂಡಿನ ತುಂಡಿಗೆ ಮಸಿ ಹಚ್ಚಿದರೆ ಚಕ್ರ. ನಡುನಡುವೆ ಹರಿದ ಸೀರೆಯ ಅಂಚು, ಕಡಲ ದಂಡೆಯ ಸಣ್ಣ ಚಿಪ್ಪುಗಳನ್ನು ಗಂಜಿಯಲ್ಲಿ ಅಂಟಿಸುತ್ತಿದ್ದೆ. ಅತ್ತೆ ಒಂದನ್ನು ತಿರುಗಿಸಿ ನೋಡಿ, "ಬೆಂಡೆಕಾಯಿ ಹುಳಿಗಾದ್ರೂ ಆತಿತ್ತ್" ಎಂದರು. ನನ್ನ ಕಲೆಗೆ ಸಿಕ್ಕಿದ ವಿಮರ್ಶೆ ಅಷ್ಟೇ.

ತರಕಾರಿಯ ಅಚ್ಚು ಎರಡೇ ದಿನಕ್ಕೆ ಕೊಳೆಯುತ್ತಿತ್ತು. ರಬ್ಬರು ಬೇಕೆನಿಸಿತು. ರಬ್ಬರೆಲ್ಲ ಯುದ್ಧಕ್ಕೆ ಹೋಗಿತ್ತು. ಸೈಕಲ್ ಟ್ಯೂಬಿನ ಚೂರೂ ಸಿಗಲಿಲ್ಲ. ಒಂದು ಮಧ್ಯಾಹ್ನ ಅಂಗಡಿಯ ಕಪಾಟಿನ ಮೂಲೆಯಲ್ಲಿ ರಬ್ಬರು ಸೀಲೊಂದು ಕಣ್ಣಿಗೆ ಬಿತ್ತು. ಅಕ್ಷರ ಸವೆದಿತ್ತು, ಹಿಡಿ ಬಿರುಕು ಬಿಟ್ಟಿತ್ತು. ಬೇಡವಾದದ್ದೆಂದೇ ತಿಳಿದು, ಬ್ಲೇಡಿನಿಂದ ಅಕ್ಷರ ಹೆರೆದು ಐದೆಸಳಿನ ಮಲ್ಲಿಗೆ ಕೆತ್ತಿದೆ. ಅಷ್ಟು ಚೆಂದದ್ದು ನನ್ನ ಕೈಯಿಂದ ಅದುವರೆಗೆ ಬಂದಿರಲಿಲ್ಲ.

ಮರುದಿನ ಬೆಳಿಗ್ಗೆ ಅಂಗಡಿಯಲ್ಲಿ ಹುಡುಕಾಟ. ಅಕ್ಕಿ ಕೊಟ್ಟಾಗ ಕಾರ್ಡಿಗೆ ಒತ್ತುವ ಸೀಲು ಅದೇ, ಇದ್ದದ್ದೂ ಅದೊಂದೇ. ಹೊರಗೆ ಜನ ಸಾಲು ನಿಂತಿದ್ದರು. ತಪ್ಪೊಪ್ಪಿಕೊಂಡು ಸೀಲನ್ನು ಮುಂದಿಟ್ಟೆ. ಭಾವ ಅದನ್ನು ಬೆಳಕಿಗೆ ಹಿಡಿದು ನೋಡಿದರು.

"ಹೊಸ್ದ್ ಮಂಗಳೂರಿಂದ ಬಪ್ಪುಕೆ ತಿಂಗ್ಳ್ ಆತ್ತ್" ಎಂದು ಅತ್ತೆಗೆ ಹೇಳಿದರು. ಆಮೇಲೆ ಅದನ್ನೇ ಇಂಕಿಗೆ ಒತ್ತಿ, ಮೊದಲ ಕಾರ್ಡಿನ ಮೇಲೆ ಮಲ್ಲಿಗೆ ಮೂಡಿಸಿದರು.

ಯಾರೂ ಏನೂ ಕೇಳಲಿಲ್ಲ. ಸರಕಾರ ದಿನಕ್ಕೊಂದು ನಿಯಮ ತರುತ್ತಿದ್ದ ಕಾಲ. ಹೂವೂ ಹಾಗೆಯೇ ಬಂದಿರಬೇಕೆಂದುಕೊಂಡರು.

ಮೂರನೇ ವಾರ ತಪಾಸಣೆಗೆ ಅಧಿಕಾರಿಯೊಬ್ಬರು ಬಂದರು. ಭಾವನವರನ್ನು ಪೊಲೀಸರು ಕರೆದೊಯ್ದರೆ ಅತ್ತೆಗೆ ಹೇಗೆ ಮುಖ ತೋರಿಸಲಿ ಎಂದುಕೊಳ್ಳುತ್ತ ನಾನು ಬಾಗಿಲ ಸಂದಿಯಲ್ಲಿ ನಿಂತಿದ್ದೆ. ಅಧಿಕಾರಿ ಸಾಲಿನಲ್ಲಿದ್ದವರ ಕಾರ್ಡುಗಳನ್ನು ಒಂದೊಂದಾಗಿ ನೋಡಿ, ಒಂದರ ಮೇಲೆ ಬೆರಳಿಟ್ಟರು.

"ಇದು ಓರೆಯಾಗಿದೆ. ಮೊಹರು ನೆಟ್ಟಗೆ ಒತ್ತಬೇಕು."

"ಆಯ್ತ್ ಸ್ವಾಮಿ" ಎಂದರು ಭಾವ.

ಅಧಿಕಾರಿ ತಪಾಸಣೆ ಪುಸ್ತಕದಲ್ಲಿ ಮೊಹರು ಸ್ಪಷ್ಟವಾಗಿದೆಯೆಂದು ಬರೆದು, ಸಹಿ ಹಾಕಿ, ಮಜ್ಜಿಗೆ ಕುಡಿದು ಹೋದರು.

ತಿಂಗಳ ಮೇಲೆ ಹೊಸ ಸೀಲು ಬಂತು. ಹೂವಿನದು ನನ್ನ ಕೈಗೆ ಸೇರಿತು. ಅಂದೇ ಮೀನು ಮಾರುವ ಮುದುಕಿಯೊಬ್ಬಳು ಅಕ್ಕಿ ಕೊಂಡುಹೋದವಳು ಕಾರ್ಡು ಹಿಡಿದು ವಾಪಸು ಬಂದಳು.

"ಹ್ವಾಯ್, ಇದ್ರಗೆ ಎಂತ ಬರ್ದಿತ್ತ್ ಅಂದೇಳಿ ನಂಗೊತ್ತಾತಿಲ್ಲೆ. ಹೂ ಹಾಕಿ ಕೊಡಿ."

"ಇದೇ ಖರೆ ಸೀಲ್, ಅಜ್ಜಿ" ಎಂದರು ಭಾವ.

"ಖರೆ ಯಾರಿಗ್ ಬೇಕ್? ಹೂ ಇದ್ರೆ ಅಕ್ಕಿ ಸಿಕ್ಕತ್ತ್. ಹೂ ಹಾಕಿ."

ಭಾವ ಒಳಗೆ ಬಂದು ನನ್ನ ಮುಂದೆ ಕೈ ಚಾಚಿದರು. ಅಂದಿನಿಂದ ಸರಕಾರಕ್ಕೆಂದು ಅಕ್ಷರ, ಜನರಿಗೆಂದು ಹೂ, ಎರಡನ್ನೂ ಒತ್ತತೊಡಗಿದರು. ನನಗೆ ಹೆಮ್ಮೆಯಾಗುತ್ತಿತ್ತು, ಹೇಳಿಕೊಳ್ಳುವಂತಿರಲಿಲ್ಲ. ವರ್ಷ ಕಳೆಯುವಷ್ಟರಲ್ಲಿ ಎಸಳೊಂದು ಕಿತ್ತುಹೋಯಿತು. ನಾಲ್ಕೆಸಳಿಗೂ ಅಷ್ಟೇ ಅಕ್ಕಿ ಸಿಗುತ್ತಿತ್ತು.