ಊದಿನಕಡ್ಡಿಯ ತಪಾಸಣೆ

ನಾನು ತಪ್ಪು ಮಾಡುವುದೇ ಇಲ್ಲ ಎಂದು ಎಂದೂ ಹೇಳಿದವನಲ್ಲ. ನಾನು ಮಾಡಿದ ತಪ್ಪು ನನ್ನ ಕೈಗೆ ಸಿಕ್ಕುವುದಿಲ್ಲ, ಅಷ್ಟೇ. ಬೇರೆಯವರದಾದರೆ ಸಿಕ್ಕೇ ಸಿಗುತ್ತದೆ. ಬ್ಯಾಂಕಿನಲ್ಲಿ ನನ್ನದು ತಪಾಸಣೆಯ ಕೆಲಸ. ಕೊಚ್ಚಿಗೆ ವರ್ಗವಾಗಿ ಬಂದ ಈ ಆರು ವರ್ಷಗಳಲ್ಲಿ ನಾನು ಕಾಲಿಟ್ಟ ಶಾಖೆಯಲ್ಲೆಲ್ಲ ಮ್ಯಾನೇಜರರು ಮೊದಲು ನೀರು ಕುಡಿದು ಆಮೇಲೆ ನನಗೆ ಚಹಾ ತರಿಸುತ್ತಾರೆ. ಇದನ್ನು ಹೆಮ್ಮೆಯಿಂದಲೇ ಹೇಳುತ್ತಿದ್ದೇನೆ.

ಇಂಥ ನನ್ನ ಕಾರಿನ ಹೊಟ್ಟೆಯೊಳಗೆ ಕಳೆದ ಆಷಾಢದಲ್ಲಿ ಏನೋ ಗಲಗಲ ಸದ್ದು ಶುರುವಾಯಿತು. ಡಬ್ಬಿಯಲ್ಲಿ ಹುರಿಗಡಲೆ ಅಲ್ಲಾಡಿಸಿದ ಹಾಗೆ. ವೈಟ್ಟಿಲ ಸರ್ಕಲ್ಲಿನ ಹಿಂದಿನ ಓಣಿಯಲ್ಲಿ ಶೆಡ್ಡು ಹಾಕಿಕೊಂಡಿರುವ ಮೆಕ್ಯಾನಿಕ್ ಸಾಬು ಕಾರಿನ ಕೆಳಗೆ ತೂರಿ, ಹೊರಗೆ ಬಂದು, ಕ್ಯಾಟಲಿಟಿಕ್ ಕನ್ವರ್ಟರ್ ಹೋಗಿದೆ ಎಂದ. ಎಂಜಿನ್ನಿನಿಂದ ಬರುವ ವಿಷದ ಹೊಗೆಯನ್ನು ಸಭ್ಯವಾಗಿಸಿ ಹೊರಗೆ ಕಳಿಸುವ ಡಬ್ಬಿ ಅದು. ಒಳಗೆ ಜೇನುಗೂಡಿನಂಥ ಜಾಲರಿ ಇರುತ್ತದೆ. ನಮ್ಮದು ಮುರಿದು ಪುಡಿಯಾಗಿತ್ತು. ಕಂಪನಿಯ ಡಬ್ಬಿ ತರಿಸಲು ತಿಂಗಳು ಬೇಕು, ಹೊರಗಿನವರು ಮಾಡಿದ್ದು ನಾಳೆಯೇ ಸಿಗುತ್ತದೆ ಎಂದ. ಹೊರಗಿನದನ್ನೇ ಹಾಕು ಎಂದೆ.

ಮರುದಿನ ಸಾಬು ಎರಡು ಮಾತು ಹೇಳಿದ. ಅವನು ಆಡಿದ್ದು ಮಲಯಾಳಂ, ಇಲ್ಲಿನ ಕನ್ನಡ ನನ್ನದು. "ಸಾರೇ, ಡಬ್ಬಿ ಬಂದಿದೆ, ಹೊಗೆ ಸೋರದಂತೆ ಜೋಡಣೆಯ ನಡುವೆ ಹಾಕುವ ಹೊಸ ಗ್ಯಾಸ್ಕೆಟ್ ಬಂದಿಲ್ಲ. ಸೋಮವಾರದವರೆಗೆ ಕಾರು ಇಲ್ಲೇ ಇರಲಿ" ಎಂಬುದು ಮೊದಲನೆಯದು. ನಾನು ಹಳೆಯ ಗ್ಯಾಸ್ಕೆಟ್ಟನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಅಧಿಕಾರಿಯ ದನಿಯಲ್ಲಿ "ಇದು ಚೆನ್ನಾಗೇ ಇದೆಯಲ್ಲ, ಇದನ್ನೇ ಹಾಕು, ನಾಳೆ ನನಗೆ ಕಾರು ಬೇಕು" ಎಂದೆ. ಎರಡನೆಯದು, "ನೂರು ಕಿಲೋಮೀಟರ್ ಓಡಿಸಿ, ತಣ್ಣಗಾದ ಮೇಲೆ ತನ್ನಿ, ಬೋಲ್ಟು ಮತ್ತೊಮ್ಮೆ ಬಿಗಿ ಮಾಡಬೇಕು." ಆಗಲಿ ಎಂದೆ, ಹೋಗಲಿಲ್ಲ. ಹೊಗೆ ತಪಾಸಣೆಯ ಕೇಂದ್ರದಲ್ಲಿ ಕಾರು ಮೊದಲ ಸಲಕ್ಕೇ ಪಾಸಾಗಿ ಸರ್ಟಿಫಿಕೇಟು ಕೈಗೆ ಬಂದಿತ್ತು. ಕಾಗದ ಸರಿಯಿದ್ದ ಮೇಲೆ ನಾನು ಬೋಲ್ಟಿನ ಮಾತು ಕೇಳುವವನಲ್ಲ.

ಕಾರಿನ ಅವಸರ ಯಾಕೆಂದರೆ ಮಗಳು ಪಲ್ಲವಿ. ಅವಳು ತಿರುವನಂತಪುರದಲ್ಲಿ ಆರ್ಕಿಟೆಕ್ಚರ್ ಓದುತ್ತಾಳೆ, ಹಾಸ್ಟೆಲ್ಲಿನಲ್ಲಿರುತ್ತಾಳೆ. ಹದಿನೈದು ದಿನಕ್ಕೊಮ್ಮೆ ಕೊಚ್ಚಿಗೆ ಬಂದವಳನ್ನು ಭಾನುವಾರ ವಾಪಸ್ಸು ಬಿಡುವುದು ನನ್ನ ಕೆಲಸ. ಐದು ತಾಸಿನ ಆ ದಾರಿಯೇ ನಮ್ಮಿಬ್ಬರ ಮನೆ ಎನ್ನಬೇಕು. ಮನೆಯಲ್ಲಿ ಅವಳು ಫೋನಿನ ಪಾಲು, ನಾನು ಫೈಲಿನ ಪಾಲು. ಕಾರಿನಲ್ಲಿ ಮಾತ್ರ ಅವಳು ನನಗೆ ಸಿಗುತ್ತಿದ್ದಳು. ಸಿಕ್ಕವಳಿಗೆ ನಾನು ಕನ್ನಡ ಕಲಿಸುತ್ತಿದ್ದೆ. ಒಂದು ಪ್ರಯಾಣಕ್ಕೆ ಒಂದು ಗಾದೆ. ಅರ್ಥ ವಿವರಿಸಿ, "ಈಗ ವಾಕ್ಯದಾಗ ಪ್ರಯೋಗಿಸು" ಎನ್ನುತ್ತಿದ್ದೆ. ಅವಳಿಗೆ ಕನ್ನಡವೆಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಮಲಯಾಳಂನಲ್ಲಿ. ಒಮ್ಮೆ, ತನ್ನ ಎಲೆಯಲ್ಲಿ ಕತ್ತೆ ಸತ್ತು ಬಿದ್ದಿದ್ದರೂ ಪಕ್ಕದವರ ಎಲೆಯ ನೊಣ ತೋರಿಸಿದನಂತೆ ಎಂಬ ಗಾದೆಯನ್ನು ಅರೂರಿನಿಂದ ಆಲಪ್ಪುಳದವರೆಗೆ ವಿವರಿಸಿದೆ. ಉದಾಹರಣೆಗಳೆಲ್ಲ ನಮ್ಮ ಬ್ಯಾಂಕಿನವೇ. ಕೊನೆಗೆ ಅವಳು ಹಣೆ ಒತ್ತಿಕೊಂಡು, "ಮದಿ, ಅಪ್ಪಾ. ತಲವೇದನ" ಎಂದಳು. ಸಾಕು, ತಲೆನೋವು ಎಂದು.

ಕಾರಿಗೆ ಹೊಸ ಡಬ್ಬಿ ಬಂದ ಮೇಲೆ ಆ ತಲವೇದನ ಪ್ರತಿ ಸಲವೂ ಬರತೊಡಗಿತು. ಫೋನು ನೋಡಬೇಡ ಎಂದೆ, ನೋಡುವುದನ್ನು ಬಿಟ್ಟಳು. ಪೊರೋಟ ತಿಂದು ಹತ್ತಬೇಡ ಎಂದೆ, ಅದನ್ನೂ ಬಿಟ್ಟಳು. ಅರ್ಧ ದಾರಿಯ ಕಾಯಂಕುಳಂ ಬರುವಷ್ಟರಲ್ಲಿ ಮುಖ ಬಾಡುತ್ತಿತ್ತು. ಒಂದು ಭಾನುವಾರ ಚೀಲ ಹೆಗಲಿಗೇರಿಸಿಕೊಂಡು, ಇನ್ನು ಮೇಲೆ ಟ್ರೈನಿನಲ್ಲಿ ಹೋಗುತ್ತೇನೆ, ತಂಪಾನೂರಿನ ಸ್ಟೇಷನ್ನಿನಲ್ಲಿ ಇಳಿದರೆ ಹಾಸ್ಟೆಲ್ಲಿಗೆ ಬಸ್ಸಿದೆ ಎಂದಳು. ಹೋದಳು.

"ನಿಮ್ಮ ಮಾತು ಕೇಳಿದ್ರ ತಲಿನೋವು ಬರದ ಮತ್ತೇನ ಬರ್ತದ್ರೀ?" ಎಂದಳು ನನ್ನ ಹೆಂಡತಿ ಶಾರದಾ. ನಾವಿಬ್ಬರೂ ಗದಗಿನ ಕಡೆಯವರು, ಏನು ಹೇಳಬೇಕೋ ಮುಖಕ್ಕೇ ಹೇಳುತ್ತೇವೆ. ನಾನು ನಕ್ಕುಬಿಟ್ಟೆ. ಆದರೆ ನಿಮಗೆ ಹೇಳುವುದರಲ್ಲಿ ನಾಚಿಕೆಯೇನು, ನನಗೆ ಬಹಳ ನೋವಾಯಿತು. ಭಾನುವಾರ ಮಧ್ಯಾಹ್ನ ಕಾರಿನ ಕೀಲಿಯನ್ನು ಸುಮ್ಮನೆ ಕೈಯಲ್ಲಿ ಹಿಡಿದುಕೊಂಡು ಕೂರುತ್ತಿದ್ದೆ. ಮಗಳಿಗೆ ನಾನೇ ತಲೆನೋವಾದೆನೇ ಎಂಬುದೊಂದೇ ಯೋಚನೆ.

ಹೀಗಿರುವಾಗ ನವರಾತ್ರಿ ಬಂತು, ಮಗಳೂ ಬಂದಳು. ವಿಜಯದಶಮಿಯ ಸಂಜೆ ಹೊರಡುವ ಟ್ರೈನಿಗೆ ಮುಂಚೆಯೇ ಟಿಕೆಟ್ಟು ಮಾಡಿಸಿಕೊಂಡೇ ಬಂದಿದ್ದಳು.

ನಮ್ಮ ಆಯುಧಪೂಜೆಗೆ ಒಂದು ಪದ್ಧತಿಯಿದೆ. ನನ್ನ ಅಪ್ಪನದು ಗದಗಿನಲ್ಲಿ ಹಿಟ್ಟಿನ ಗಿರಣಿ. ಗಿರಣಿ ಚಾಲೂ ಮಾಡಿ, ಅದು ಗಡಗಡ ಎನ್ನುತ್ತಿರುವಾಗಲೇ ಆರತಿ ಎತ್ತುತ್ತಿದ್ದ. ನಿಂತ ಯಂತ್ರಕ್ಕೆ ಪೂಜೆ ಮಾಡುವುದು ಮಲಗಿದವನಿಗೆ ಊಟಕ್ಕೆ ಬಡಿಸಿದ ಹಾಗೆ ಎಂಬುದು ಅವನ ವಾದ. ಅದೇ ಪದ್ಧತಿಯನ್ನು ನಾನು ಕೊಚ್ಚಿಯ ಅಪಾರ್ಟ್‌ಮೆಂಟಿನ ಅಂಗಳದಲ್ಲಿ, ಮಲಯಾಳಿ ನೆರೆಯವರ ಕುತೂಹಲದ ನಡುವೆ ನಡೆಸಿಕೊಂಡು ಬಂದಿದ್ದೇನೆ. ನವಮಿಯ ಬೆಳಿಗ್ಗೆ ಬಾನೆಟ್ಟು ಎತ್ತಿ, ಕಾರು ಚಾಲೂ ಮಾಡಿದೆ. ಕಾರು ತಣ್ಣಗಿದ್ದಾಗ ಎಂದಿನಂತೆ ಟಿಕ್ ಟಿಕ್ ಎಂದಿತು. ಬಿಸಿಯಾದರೆ ನಿಲ್ಲುತ್ತದೆಂದು ನಾನದನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲ. ಶಾರದಾ ಊದಿನಕಡ್ಡಿ ಹಿಡಿದು ಎಂಜಿನ್ನಿನ ಸುತ್ತ ಬೆಳಗಿದಳು. ಹೊಗೆ ನೆಟ್ಟಗೆ ಮೇಲೇಳುತ್ತಿತ್ತು. ಹೊಸ ಡಬ್ಬಿ ಸೇರುವ ಜಾಗದ ಮೇಲೆ ಕಡ್ಡಿ ಬಂದದ್ದೇ ಹೊಗೆ ಪಕ್ಕಕ್ಕೆ ಪುಸಕ್ಕನೆ ಹಾರಿತು. ಟಿಕ್, ಪುಸ್. ಟಿಕ್, ಪುಸ್.

"ಏನ್ರೀ, ನಿಮ್ಮ ಕಾರು ಊದಿನಕಡ್ಡಿ ಆರಸ್ಲಿಕ್ಕೆ ನೋಡ್ತದ" ಎಂದಳು ಶಾರದಾ.

ಪಲ್ಲವಿ ಬಗ್ಗಿ ಮೂಸಿದಳು. ನನ್ನ ಕಡೆ ತಿರುಗಿ, ಕಾರಿನೊಳಗೆ ತನಗೆ ಬರುತ್ತಿದ್ದದ್ದು ಇದೇ ವಾಸನೆ, ರಸ್ತೆಯ ಲಾರಿಗಳದ್ದೆಂದುಕೊಂಡಿದ್ದೆ ಎಂದಳು. ನನಗೇಕೆ ಬರಲಿಲ್ಲ? ಹಿಟ್ಟಿನ ಧೂಳಿನಲ್ಲಿ ಬೆಳೆದವನು ನಾನು, ನನ್ನ ಪಕ್ಕದ ಕಿಟಕಿಯನ್ನು ಸದಾ ಮೂರು ಬೆರಳು ತೆರೆದೇ ಇಡುತ್ತೇನೆ. ಅವಳದು ಮುಚ್ಚಿರುತ್ತಿತ್ತು.

ಸಾಬುವಿಗೆ ಫೋನು ಮಾಡಿದೆ. ಕೇರಳದವರ ಪದ್ಧತಿ ನಮ್ಮದಕ್ಕೆ ಪೂರ್ತಿ ಉಲ್ಟಾ. "ಸ್ಪ್ಯಾನರುಗಳನ್ನೆಲ್ಲ ಪೂಜೆಗೆ ಇಟ್ಟಿದ್ದೇನೆ ಸಾರೇ, ನಾಳೆ ಬೆಳಿಗ್ಗೆ ಪೂಜೆ ಎತ್ತಿದ ಮೇಲೆಯೇ ಮುಟ್ಟುವುದು" ಎಂದ. ಆಮೇಲೆ ದನಿ ತಗ್ಗಿಸಿ, "ಅಲ್ಲಿಯವರೆಗೆ ಆ ಕಾರಿನಲ್ಲಿ ಯಾರನ್ನೂ ಕೂರಿಸಬೇಡಿ. ಅದರಲ್ಲಿ ವಾಸನೆ ಬರುವುದು ಪುಣ್ಯ. ವಾಸನೆಯೇ ಇಲ್ಲದ ವಿಷವೂ ಇರುತ್ತದೆ. ಕಿಟಕಿ ಮುಚ್ಚಿ, ಎಸಿ ಹಾಕಿ ಮಲಗಿದವರು ಏಳದೇ ಹೋಗಿದ್ದುಂಟು" ಎಂದ.

ಫೋನಿಟ್ಟವನೇ ಕಾರಿನ ನಾಲ್ಕೂ ಬಾಗಿಲು ತೆರೆದಿಟ್ಟೆ. ಎಷ್ಟು ಭಾನುವಾರ ಆ ಹುಡುಗಿ ಕೊಲ್ಲಂ ದಾಟಿದ ಮೇಲೆ ನನ್ನ ಪಕ್ಕದಲ್ಲಿ ನಿದ್ದೆ ಹೋಗಿದ್ದಳು! ನನ್ನ ಗಾದೆಗೆ ಬೇಸತ್ತು ಮಲಗಿದಳು ಎಂದುಕೊಂಡಿದ್ದೆ. ಸರ್ಟಿಫಿಕೇಟು ಡ್ಯಾಶ್‌ಬೋರ್ಡಿನಲ್ಲೇ ಇತ್ತು. ಅದನ್ನು ತೆಗೆದು ನೋಡಲು ನನಗೆ ಧೈರ್ಯವಾಗಲಿಲ್ಲ.

ವಿಜಯದಶಮಿಯ ಬೆಳಿಗ್ಗೆ ಕೇರಳದ ಮಕ್ಕಳೆಲ್ಲ ಅಕ್ಕಿಯ ಮೇಲೆ ಮೊದಲ ಅಕ್ಷರ ಬರೆಯುತ್ತಾರೆ. ಐವತ್ತೆರಡನೆಯ ವಯಸ್ಸಿನಲ್ಲಿ ನನ್ನ ಅಕ್ಷರಾಭ್ಯಾಸ ಸಾಬುವಿನ ಶೆಡ್ಡಿನಲ್ಲಿ ಆಯಿತು. ಪೂಜೆಯಿಂದ ಎದ್ದು ಬಂದ, ಚಂದನ ಹಚ್ಚಿದ ಸ್ಪ್ಯಾನರಿಗೆ ಮೊದಲ ಕೆಲಸ ನಮ್ಮ ಕಾರು. ಕಾರು ಚಾಲೂ ಮಾಡಿಸಿ ಸಾಬು ಜೋಡಣೆಗೆ ಸೋಪಿನ ನೀರು ಸುರಿದ, ಗುಳ್ಳೆ ಎದ್ದವು. ಬಿಚ್ಚಿದ. ನಾನು "ಚೆನ್ನಾಗೇ ಇದೆ" ಎಂದು ಸರ್ಟಿಫಿಕೇಟು ಕೊಟ್ಟಿದ್ದ ಹಳೆಯ ಗ್ಯಾಸ್ಕೆಟ್ಟಿನ ಮೇಲೆ ಒಳಗಿನಿಂದ ಹೊರಗಿನವರೆಗೆ ಮಸಿಯ ಗೆರೆಯೊಂದು ಮೂಡಿತ್ತು. ಒಮ್ಮೆ ಅದುಮಿಸಿಕೊಂಡ ಗ್ಯಾಸ್ಕೆಟ್ಟು ಮತ್ತೆ ಉಬ್ಬುವುದಿಲ್ಲವಂತೆ. ಹಾಗಾದರೆ ತಪಾಸಣೆಯಲ್ಲಿ ಪಾಸಾದದ್ದು ಹೇಗೆ ಎಂದು ಕೇಳಿದೆ. "ತೂತಿನಿಂದ ಹೊಗೆ ಹೊರಗೂ ಬರುತ್ತದೆ, ಗಾಳಿ ಒಳಗೂ ಹೋಗುತ್ತದೆ. ನೀರು ಸೇರಿಸಿದ ಮಜ್ಜಿಗೆ ಹುಳಿಯಿರುತ್ತದೆಯೇ?" ಎಂದ. ಸೋರುತ್ತಿದ್ದುದರಿಂದಲೇ ನನ್ನ ಕಾರು ಪಾಸಾಗಿತ್ತು. ಇಷ್ಟು ವರ್ಷ ನಾನು ಪಾಸು ಮಾಡಿದ ಶಾಖೆಗಳೆಲ್ಲ ಒಂದೊಂದಾಗಿ ಕಣ್ಣ ಮುಂದೆ ಬಂದವು.

ಹೊರಗಿನವರು ಮಾಡಿದ ಡಬ್ಬಿಯ ಕೊಳವೆ ಒಂದು ನೂಲಿನಷ್ಟು ಓರೆ ಇರುತ್ತದೆ. ಹೋದ ಸಲ ನನ್ನ ಅವಸರಕ್ಕೆ ಅವನು ಅದನ್ನು ಬೋಲ್ಟಿನಿಂದಲೇ ಎಳೆದು ಕೂರಿಸಿದ್ದ. ಈ ಸಲ ಸಾಬು ಹಿಂದೆ ಕೊಳವೆಯನ್ನು ಕಟ್ಟಿ ಹಿಡಿದ ಹಿಡಿಕೆಗಳನ್ನೆಲ್ಲ ಸಡಿಲಿಸಿ, ಅದು ತಾನಾಗಿ ಜಾಗಕ್ಕೆ ಬರುವವರೆಗೆ ಕಾದ. ಹೊಸ ಗ್ಯಾಸ್ಕೆಟ್ಟು ಇಟ್ಟು, ಬೋಲ್ಟುಗಳನ್ನೆಲ್ಲ ಮೊದಲು ಬೆರಳಿನಿಂದ ಕೂರಿಸಿ, ಆಮೇಲೆ ಇದಕ್ಕಿಷ್ಟು, ಎದುರಿನದಕ್ಕಷ್ಟು ಎಂದು ಬಿಗಿ ಮಾಡಿದ. ನನಗೂ ಒಂದು ಬೋಲ್ಟು ಬಿಟ್ಟುಕೊಟ್ಟ. ನಾನು ಹಲ್ಲು ಕಚ್ಚಿ ತಿರುಗಿಸಿದೆ.

"ಮದಿ ಸಾರೇ, ಮದಿ!" ಎಂದು ಕೈ ಹಿಡಿದ. "ಇನ್ನು ತಿರುಗಿಸಿದರೆ ಮುರಿಯುತ್ತದೆ. ಸೋರಬಾರದೆಂದು ಜಾಸ್ತಿ ಬಿಗಿ ಮಾಡಿದ ಕಡೆಯೇ ಜಾಸ್ತಿ ಸೋರುವುದು."

ಒಂದು ಸುತ್ತು ಓಡಿಸಿ, ಬಿಸಿ ಮಾಡಿ ತನ್ನಿ ಎಂದು ಅವನೆಂದಾಗ ಈ ಸಲ ತಪ್ಪಿಸಿಕೊಳ್ಳಲಿಲ್ಲ. ಮನೆಗೆ ಹೋಗಿ ಪಲ್ಲವಿಯನ್ನು ಕೂರಿಸಿಕೊಂಡು ಮಟ್ಟಾಂಚೇರಿಗೆ ಹೊರಟೆ. ಕಿಟಕಿಗಳನ್ನೆಲ್ಲ ಇಳಿಸಿಯೇ ಹೋದೆವು, ತಪಾಸಣಾಧಿಕಾರಿ ಅವಳು. ಮಸಾಲೆ ಉಗ್ರಾಣಗಳ ಬೀದಿಗೆ ಬಂದಾಗ ತನ್ನ ಕಿಟಕಿ ಏರಿಸಿ, ನನ್ನ ಮೂರು ಬೆರಳಿನ ಕಿಟಕಿಯನ್ನೂ ಮುಚ್ಚಿಸಿ, ಎಸಿಯ ಕಿಂಡಿಗೆ ಮೂಗಿಟ್ಟಳು. ನಾನು ಅವಳ ಮುಖ ನೋಡಿದೆ. "ಚುಕ್ಕು" ಎಂದಳು. ಒಣಶುಂಠಿ. ಹೊಗೆಯಲ್ಲ, ಬೀದಿಯ ಒಣಶುಂಠಿಯ ವಾಸನೆ. ಸ್ವಲ್ಪ ಹೊತ್ತಿನ ಮೇಲೆ ಫೋನು ತೆಗೆದು ಟಿಕೆಟ್ಟು ರದ್ದು ಮಾಡುತ್ತ, "ಟ್ರೈನ್ ವೇಂಡ, ಅಪ್ಪಾ" ಎಂದಳು. ಬೇಡ ಎಂಬುದು ಇಷ್ಟು ಸವಿಯಾದ ಮಾತೆಂದು ನನಗೆ ಗೊತ್ತಿರಲಿಲ್ಲ.

ಕಾರು ತಣ್ಣಗಾದ ಮೇಲೆ ಸಾಬು ಬೋಲ್ಟುಗಳನ್ನು ಮತ್ತೊಮ್ಮೆ ನೋಡಿದ. ಮಧ್ಯಾಹ್ನ ತಿರುವನಂತಪುರಕ್ಕೆ ಹೊರಟೆವು. ನಾನು ಗಾದೆ ಹೇಳಲಿಲ್ಲ. ಆಲಪ್ಪುಳ ದಾಟಿತು, ಕಾಯಂಕುಳಂ ದಾಟಿತು. ಅವಳ ಕೈ ಹಣೆಗೆ ಹೋಗಲಿಲ್ಲ. ಕೊಲ್ಲಂ ಹತ್ತಿರ, ಮಲಗಿದ್ದಾಳೆಂದುಕೊಂಡವಳು ಕಣ್ಣು ಮುಚ್ಚಿಕೊಂಡೇ ಬಾಯಿ ತೆರೆದಳು. ಅಮ್ಮನ ಬಾಯಿಂದ ಎತ್ತಿಕೊಂಡ ಅಪ್ಪಟ ಗದಗಿನ ಕನ್ನಡ.

"ಅಪ್ಪಾ, ವಾಕ್ಯದಾಗ ಪ್ರಯೋಗಿಸಲೇನು? ಬ್ಯಾಂಕಿನಾಗ ಎಲ್ಲಾರ ಎಲಿ ಮ್ಯಾಲಿನ ನೊಣ ಹಿಡಿಯೋ ನಮ್ಮಪ್ಪನ ಎಲಿಯೊಳಗ ಮೂರು ತಿಂಗಳು ಕತ್ತಿ ಸತ್ತು ಬಿದ್ದಿತ್ತು."

ವಾಕ್ಯದಲ್ಲಿ ತಪ್ಪು ಹುಡುಕಿದೆ. ಅದು ನನ್ನ ಕಸುಬು. ಒಂದೂ ಸಿಗಲಿಲ್ಲ. ಇನ್ನೊಂದು ಹೇಳು, ಮತ್ತೊಂದು ಹೇಳು ಎಂದು ನಾಲಿಗೆಯ ತುದಿಗೆ ಬಂತು. ಸಾಬು ಮದಿ ಎಂದು ಕೈ ಹಿಡಿದದ್ದು ನೆನಪಾಗಿ, ಅಷ್ಟಕ್ಕೇ ಬಿಟ್ಟೆ.