ಛತ್ರಿ ಕಾಯುವ ಬೆಂಚು

ಅಮ್ಮತ್ತಿಯ ಹತ್ತಿರದ ನಮ್ಮ ಚರ್ಚಿನಲ್ಲಿ ಕೊನೆಯ ಬೆಂಚು ಅಮ್ಮನದು. ಹಾಗೆಂದು ಯಾರೂ ಬರೆದಿಟ್ಟಿರಲಿಲ್ಲ, ಆದರೂ ಬೇರೆಯವರು ಅಲ್ಲಿ ಕೂರುತ್ತಿರಲಿಲ್ಲ. ಭಾನುವಾರದ ಪೂಜೆಯಲ್ಲಿ ಫಾದರ್ ಕೈಯಿಂದ ಪರಮಪ್ರಸಾದದ ರೊಟ್ಟಿ ತೆಗೆದುಕೊಳ್ಳುವ ಹೊತ್ತಿಗೆ ಜನ ಎದ್ದು ಸಾಲು ನಿಲ್ಲುವಾಗ, ತೊಟ್ಟಿಕ್ಕುವ ಛತ್ರಿ, ಕೈಚೀಲ, ಮೂಗು ಸೋರುವ ಮಗು ಎಲ್ಲವನ್ನೂ ಅಮ್ಮನ ಹತ್ತಿರ ಬಿಟ್ಟು ಹೋಗುತ್ತಿದ್ದರು. ಕೊಡಗಿನ ಮಳೆಗಾಲ ಎಷ್ಟು ಉದ್ದ ಅಂತ ಗೊತ್ತಿದ್ದವರಿಗೆ ಅಮ್ಮನ ಸೆರಗು ಎಷ್ಟು ಕಾಲ ಒದ್ದೆಯಾಗಿರುತ್ತಿತ್ತು ಅಂತಲೂ ಗೊತ್ತಾಗುತ್ತದೆ. ಅವಳನ್ನು ನಂಬಿ ಏನನ್ನೂ ಬಿಟ್ಟು ಹೋಗಬಹುದಿತ್ತು. ಇಡೀ ಚರ್ಚು ಎದ್ದು ಹೋದರೂ ಅವಳು ಮಾತ್ರ ಹೋಗುವ ಹಾಗಿರಲಿಲ್ಲವಲ್ಲ.

ಅವಳ ಅಪರಾಧ ನಮ್ಮಪ್ಪ. ಅಪ್ಪನಿಗೆ ಮೊದಲೇ ಒಂದು ಮದುವೆಯಾಗಿತ್ತು. ಆ ಕಾಲದಲ್ಲಿ ಆತ ಕುಡಿದು ಹೊಡೆಯುತ್ತಿದ್ದ, ಆ ಹೆಂಗಸು ಬಿಟ್ಟು ಗೋಣಿಕೊಪ್ಪಲಿನ ತಮ್ಮ ತವರಿಗೆ ಹೋದರು. ಸರಿಯಾಗಿಯೇ ಮಾಡಿದರು. ಕೋರ್ಟು ವಿಚ್ಛೇದನ ಕೊಟ್ಟಿತು. ಆಮೇಲೆ ಅಮ್ಮ ಅವನನ್ನು ರಿಜಿಸ್ಟರ್ ಆಫೀಸಿನಲ್ಲಿ ಮದುವೆಯಾದಳು, ಕುಡಿತ ಬಿಡಿಸಿದಳು, ಜೀಪು ಓಡಿಸುವ ಮನುಷ್ಯನನ್ನಾಗಿ ಮಾಡಿದಳು. ಕೋರ್ಟಿನ ವಿಚ್ಛೇದನ ಚರ್ಚಿನ ಲೆಕ್ಕಕ್ಕೆ ಬರುವುದಿಲ್ಲ. ಗೋಣಿಕೊಪ್ಪಲಿನವರು ಬದುಕಿರುವ ತನಕ ಅಪ್ಪ ಅವರ ಗಂಡ, ಅಮ್ಮ ಯಾರೂ ಅಲ್ಲ, ಹಾಗೆ ಒಟ್ಟಿಗಿರುವವರಿಗೆ ಪ್ರಸಾದ ಕೊಡುವುದಿಲ್ಲ. ಅಪ್ಪನಿಗೂ ಪ್ರಸಾದವಿರಲಿಲ್ಲ, ಆದರೆ ಗಂಡಸರಿಗೆ ಪೂಜೆಯ ಹೊತ್ತಿನಲ್ಲಿ ಹೊರಗೆ ಜೀಪಿಗೆ ಒರಗಿ ಮೆಣಸಿನ ರೇಟು ಮಾತಾಡುವ ಅನುಕೂಲವಿದೆ. ಹೆಂಗಸು ಒಳಗೇ ಕೂರಬೇಕು, ಎಲ್ಲರಿಗೂ ಕಾಣುವ ಹಾಗೆ.

ನಾನು ಮೊದಲ ಪರಮಪ್ರಸಾದಕ್ಕೆ ತಯಾರಾದದ್ದು ಅಮ್ಮನಿಂದ. ಮನೆಯಲ್ಲಿ ಕೊಂಕಣಿ, ಚರ್ಚಿನಲ್ಲಿ ಕನ್ನಡ, ನಾಲಿಗೆ ತೊಡರುತ್ತಿತ್ತು. ಅಮ್ಮ ಅನ್ನ ಬಸಿಯುತ್ತಾ ಜಪಗಳನ್ನೆಲ್ಲ ಬಾಯಿಪಾಠ ಮಾಡಿಸಿದಳು. ಉಪದೇಶದ ತರಗತಿಯಲ್ಲಿ ಸಿಸ್ಟರ್, ವರಪ್ರಸಾದ ಅಂದರೆ ದೇವರು ಸುಮ್ಮನೆ ಕೊಡುವ ದಾನ, ನಾವು ಒಳ್ಳೆಯವರು ಅಂತ ಕೊಡುವುದಲ್ಲ, ಧರ್ಮಶಾಸ್ತ್ರದ ಹೊರೆಯಿಂದ ಬಿಡಿಸಲಿಕ್ಕೇ ಯೇಸು ಬಂದದ್ದು ಅಂತ ಹೇಳಿದರು.

“ಮತ್ತೆ ನಮ್ಮಮ್ಮನಿಗೆ ಯಾಕೆ ಕೊಡಲ್ಲ ಸಿಸ್ಟರ್?” ಅಂತ ಕೇಳಿದೆ.

“ಅದು ಬೇರೆ ವಿಷಯ, ಕೂತ್ಕೋ,” ಅಂದರು.

ಅಷ್ಟು ದೊಡ್ಡ ದೇವಶಾಸ್ತ್ರವನ್ನು ಅಷ್ಟು ಚಿಕ್ಕದಾಗಿ ಹೇಳಿದವರನ್ನು ನಾನು ಆಮೇಲೆ ಕಂಡಿಲ್ಲ. ಎಷ್ಟೋ ಪ್ರವಚನ ಕೇಳಿದ್ದೇನೆ. ಧ್ಯಾನಕೂಟಗಳಿಗೆ ಹೊರಗಿನಿಂದ ಬಂದವರು ಮೈಕು ಹಿಡಿದು, ಕೃಪೆ ಎಲ್ಲರಿಗೂ, ಬಾಗಿಲು ತೆರೆದಿದೆ, ಬನ್ನಿ ಬನ್ನಿ ಅಂತ ಗಂಟಲು ಹರಿದುಕೊಳ್ಳುತ್ತಿದ್ದರು. ಬಾಗಿಲು ತೆರೆದಿತ್ತು, ನಿಜ. ಒಳಗೆ ಬಂದವರನ್ನು ಎಲ್ಲಿ ಕೂರಿಸಬೇಕು ಅನ್ನುವುದು ಬೇರೆ ವಿಷಯ.

ಇದರ ಜೊತೆಗೆ, ಫಾದರ್ ಪೂಜೆ ಮಾಡುವ ಪೀಠದ ಬಟ್ಟೆಗಳನ್ನು ಒಗೆಯುತ್ತಿದ್ದವಳು ಅಮ್ಮ. ಶನಿವಾರ ಬಿಳಿ ಬಟ್ಟೆಗಳನ್ನೆಲ್ಲ ಮನೆಗೆ ತಂದು, ಗಂಜಿ ಹಾಕಿ, ಮಳೆಗಾಲದಲ್ಲಿ ಒಲೆಯ ಮೇಲಿನ ಹಗ್ಗಕ್ಕೆ ಹರಡಿ, ಹೊಗೆಯ ವಾಸನೆ ತಾಗದ ಹಾಗೆ ಕಾದು ನಿಂತು ಒಣಗಿಸಿ, ಇಸ್ತ್ರಿ ಮಾಡಿ ಕೊಡುತ್ತಿದ್ದಳು. ಪ್ರಸಾದದ ಪಾತ್ರೆ ಒರೆಸಿದ ಬಟ್ಟೆಯನ್ನು ಮುಟ್ಟಬಹುದು, ಪ್ರಸಾದವನ್ನು ಮುಟ್ಟಬಾರದು. ಒಗೆಯುವ ಕೆಲಸಕ್ಕೆ ಅವಳು ಅಯೋಗ್ಯಳು ಅಂತ ಯಾವ ಕಾನೂನು ಪಂಡಿತನಿಗೂ ಹೊಳೆಯಲಿಲ್ಲ.

ಒಬ್ಬ ಫಾದರ್ ಬಹಳ ಕರುಣೆಯವರು. ದಾರಿ ಹುಡುಕಿ ಕೊಡುತ್ತೇನೆ ಅಂತ ಅಪ್ಪ ಅಮ್ಮ ಇಬ್ಬರನ್ನೂ ಕರೆಸಿದರು. ಒಂದೇ ಮನೆಯಲ್ಲಿದ್ದರೂ ಅಣ್ಣ ತಂಗಿಯ ಹಾಗೆ ಬದುಕುತ್ತೇವೆ ಅಂತ ಮಾತು ಕೊಟ್ಟರೆ ಪ್ರಸಾದ ಕೊಡಬಹುದು, ನಿಯಮದಲ್ಲಿ ಅವಕಾಶವಿದೆ ಅಂದರು. ನಾನು ಅಮ್ಮನ ಪಕ್ಕದಲ್ಲೇ ನಿಂತಿದ್ದೆ, ಅಪ್ಪನ ಮೂಗು, ಅಮ್ಮನ ಗಲ್ಲ ಹೊತ್ತುಕೊಂಡು. ಮನೆಗೆ ಬರುವ ದಾರಿಯಲ್ಲಿ ಅಪ್ಪ ಜೀಪು ನಿಲ್ಲಿಸಿ, “ತಂಗೀ, ಸಂಜೆಗೆ ಮೀನು ಬೇಕಾ?” ಅಂದ. ಅಮ್ಮ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಆ ದಾರಿ ಅಲ್ಲಿಗೆ ಮುಗಿಯಿತು.

ಇನ್ನೊಂದು ದಾರಿಯಿತ್ತು. ಅಪ್ಪನ ಮೊದಲ ಮದುವೆ ಮೊದಲಿಂದಲೂ ಮದುವೆಯೇ ಆಗಿರಲಿಲ್ಲ ಅಂತ ಚರ್ಚಿನ ಮೇಲಿನವರು ತೀರ್ಪು ಕೊಡಬೇಕು. ಅದಕ್ಕೆ ಗೋಣಿಕೊಪ್ಪಲಿನವರು, ನನ್ನನ್ನು ಬಲವಂತದಿಂದ ಕಟ್ಟಿದರು, ನನಗೆ ಮನಸ್ಸಿರಲಿಲ್ಲ ಅಂತ ಸಾಕ್ಷಿ ಹೇಳಬೇಕು. ಅವರು ಹೇಳಲಿಲ್ಲ. ಮನಸ್ಸಿತ್ತು, ಸಂತೋಷದಿಂದಲೇ ಮದುವೆಯಾದೆ, ಆಮೇಲೆ ಆತ ಹಾಳಾದ ಅಂತ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟರು. ಒಂದು ಸುಳ್ಳು ಹೇಳಿದ್ದರೆ ಎಲ್ಲರ ಆತ್ಮವೂ ಉಳಿಯುತ್ತಿತ್ತು. ನಿಜ ಹೇಳಿದ್ದರಿಂದ ಅಮ್ಮ ಬೆಂಚಿನಲ್ಲೇ ಉಳಿದಳು. ನಾನು ಹಲ್ಲು ಕಡಿದೆ. ಅಮ್ಮ ಮಾತ್ರ, “ಅವರು ಸುಳ್ಳು ಹೇಳುವವರಲ್ಲ,” ಅಂತ ಒಂಥರಾ ಹೆಮ್ಮೆಯಿಂದ ಹೇಳಿದಳು. ಆವತ್ತಿನಿಂದ ಅವರನ್ನು ‘ಗೋಣಿಕೊಪ್ಪದ ಅಕ್ಕ’ ಅಂತ ಕರೆಯತೊಡಗಿದಳು. ಒಮ್ಮೆಯೂ ಮಾತಾಡಿಸಿದವಳಲ್ಲ.

ಹೋದ ವರ್ಷ ಆ ಅಕ್ಕ ತೀರಿಕೊಂಡರು. ಕಾಫಿ ಕೊಯ್ಲು ಮುಗಿಯುತ್ತಾ ಬಂದಿತ್ತು. ಸುದ್ದಿ ಕೇಳಿ ಅಪ್ಪ ಜೀಪಿನಲ್ಲಿ ಕೂತ, ಕೀಲಿ ತಿರುಗಿಸಲಿಲ್ಲ, ಸುಮ್ಮನೆ ಸ್ಟಿಯರಿಂಗ್ ಹಿಡಿದು ಅತ್ತ. ಅಮ್ಮ ಪಕ್ಕದಲ್ಲಿ ಹತ್ತಿ ಕೂತಳು. ಇಬ್ಬರೂ ಮಣ್ಣಿಗೆ ಹೋಗಿ, ಜನರ ಹಿಂದೆ ನಿಂತು ಬಂದರು.

ಮರುದಿನವೇ ನಮ್ಮ ವಾರ್ಡಿನ ಗುರ್ಕಾರರು ಮನೆಗೆ ಬಂದರು. ಗುರ್ಕಾರರೆಂದರೆ ಚರ್ಚಿಗೂ ಮನೆಗಳಿಗೂ ನಡುವೆ ಓಡಾಡುವ ಹಿರಿಯರು, ಯಾರ ಮನೆಯಲ್ಲಿ ಏನು ಕೊರತೆ ಅಂತ ನೋಡಿಕೊಳ್ಳುವವರು. ಇವರು ನೋಡಿಕೊಳ್ಳುವುದರಲ್ಲಿ ಬಹಳ ಗಟ್ಟಿಗರು. ಕೈಯಲ್ಲಿ ಸ್ವೀಟಿನ ಪೊಟ್ಟಣವಿತ್ತು. ನಾನು ಆ ಪೊಟ್ಟಣವನ್ನು ಸಾಯುವ ತನಕ ಮರೆಯುವುದಿಲ್ಲ. ಆ ಹೆಂಗಸಿನ ಗೋರಿಯ ಮಣ್ಣು ಇನ್ನೂ ಆರಿರಲಿಲ್ಲ, ಇವರು ಮೈಸೂರುಪಾಕು ಹಿಡಿದು ಬಂದಿದ್ದರು.

“ಅಕ್ಕಾ, ದೇವರು ಕಣ್ಣು ಬಿಟ್ಟ,” ಅಂದರು. “ಇನ್ನು ಚರ್ಚಲ್ಲಿ ಮದುವೆ ಆಗೋಕೆ ಏನೂ ಅಡ್ಡಿ ಇಲ್ಲ. ಫಾದರ್ ಹತ್ರ ಮಾತಾಡಿದೀನಿ. ಬೂದಿ ಬುಧವಾರ ಬಂದ್ಬಿಟ್ರೆ ಮತ್ತೆ ಈಸ್ಟರ್ ತನಕ ತಪಸ್ಸುಕಾಲ, ಮದುವೆ ಮಾಡ್ಸಲ್ಲ. ಈ ಶನಿವಾರನೇ ಮುಗಿಸ್ಬಿಡೋಣ. ಭಾನುವಾರ ನೀವು ಎಲ್ಲರ ಜೊತೆ ಪ್ರಸಾದ ತಗೋಬಹುದು.”

ಇಷ್ಟು ವರ್ಷ ಆಕಾಶದಷ್ಟು ಎತ್ತರದಲ್ಲಿದ್ದ ವರಪ್ರಸಾದ ಒಂದು ಹೆಣದಿಂದ ಕೈಗೆಟುಕುವಷ್ಟು ಕೆಳಗಿಳಿದಿತ್ತು. ಗುರ್ಕಾರರಿಗೆ ಇದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ಅವರು ಕೆಟ್ಟ ಮನುಷ್ಯರಲ್ಲ, ನಿಜವಾಗಿಯೂ ಖುಷಿಯಾಗಿತ್ತು ಅವರಿಗೆ. ಅದೇ ನನ್ನ ಮೈ ಉರಿಸಿದ್ದು.

ಅಪ್ಪ ಎದ್ದು ಹಿತ್ತಿಲಿಗೆ ಹೋದ. ಅಮ್ಮ ಪೊಟ್ಟಣವನ್ನು ತೆಗೆದುಕೊಳ್ಳಲಿಲ್ಲ, ಕಾಫಿ ಮಾತ್ರ ಕೊಟ್ಟಳು.

“ಈಗ ಬೇಡ,” ಅಂದಳು. “ಅಕ್ಕನ ತಿಂಗಳ ಪೂಜೆ ಆಗಲಿ.”

“ತಿಂಗಳು ಅಂದ್ರೆ ತಪಸ್ಸುಕಾಲ ಬಂತಲ್ಲ! ಈಸ್ಟರ್ ಕಳೀಬೇಕಾಗತ್ತೆ. ಈಸ್ಟರ್ ಪ್ರಸಾದನೂ ತಪ್ಪತ್ತೆ ನಿಮಗೆ.”

“ಇಷ್ಟು ತಪ್ಪಿದೆ, ಇದೊಂದು ಈಸ್ಟರ್ ತಾನೆ. ಸತ್ತ ಮನೆಯಲ್ಲಿ ಯಾರಾದ್ರೂ ಮದುವೆ ಮಾಡ್ತಾರಾ?”

“ಇದು ಸತ್ತ ಮನೆ ಅಲ್ವಲ್ಲ ಅಕ್ಕಾ.”

“ಹಾಗಂತ ಯಾರು ಹೇಳಿದ್ದು? ಅವರೇ ಇವರ ಹೆಂಡತಿ ಅಂತ ಇಷ್ಟು ದಿನ ನೀವೇ ಹೇಳಿದ್ರಲ್ಲ.”

ಗುರ್ಕಾರರು ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದರು. ಅಮ್ಮ ಜೀವಮಾನದಲ್ಲಿ ಯಾರಿಗಾದರೂ ಎದುರು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಸಂತೋಷವಾಗಬೇಕಿತ್ತು, ಆದರೆ ನನಗೆ ಸಿಟ್ಟು ಬಂತು. ಅಮ್ಮನಿಗೆ ಸಕ್ಕರೆ ಕಾಯಿಲೆ, ಎದೆ ನೋವು. ಈಸ್ಟರಿನ ತನಕ ಏನಾದರೂ ಆದರೆ? ಅಡುಗೆಮನೆಗೆ ಹೋಗಿ ಕೂಗಾಡಿದೆ.

“ಒಬ್ಬರು ಸತ್ತ ಮೇಲಾದ್ರೂ ಸಿಕ್ತಲ್ಲ, ಸುಮ್ನೆ ತಗೊಂಡುಬಿಡು ಅಮ್ಮ! ಅವರೇನು ನಿನ್ನ ಒಡಹುಟ್ಟಿದವರಾ?”

ಅಮ್ಮ ಪೀಠದ ಬಟ್ಟೆಗಳನ್ನು ಮಡಿಸುತ್ತಿದ್ದಳು. ಮಡಿಸುತ್ತಲೇ ಮಾತಾಡಿದಳು.

“ಎಲ್ಲರೂ ಎದ್ದು ಹೋಗುವಾಗ ನಾನೊಬ್ಬಳೇ ಕೂತಿರ್ತಿದ್ನಲ್ಲ, ನನ್ನ ಮನಸ್ಸು ಎಲ್ಲಿಗೆ ಹೋಗ್ತಿತ್ತು ಗೊತ್ತಾ? ಅವರು ಹೋದ್ರೆ ನನಗೆ ಸಿಗತ್ತೆ, ಅವರು ಹೋದ್ರೆ ಸಿಗತ್ತೆ. ಬೇಡ ಅಂದ್ರೂ ಬರ್ತಿತ್ತು. ಫಾದರ್ ಪ್ರಸಾದ ಎತ್ತಿ ತೋರಿಸ್ತಿದ್ರೆ ನಾನು ಇನ್ನೊಬ್ಬರ ಸಾವು ಕಾಯ್ತಾ ಕೂತಿರ್ತಿದ್ದೆ. ನನ್ನ ಪಾಪ ಅದು, ನಿಮ್ಮಪ್ಪ ಅಲ್ಲ.”

ಅಮ್ಮ ಇನ್ನೊಂದು ಬಟ್ಟೆಯನ್ನು ಎತ್ತಿಕೊಂಡಳು.

“ಅದಕ್ಕೆ ಪ್ರತಿ ಭಾನುವಾರ ಆ ಹೊತ್ತಿಗೆ ಒಂದೇ ಕೇಳ್ಕೊಳ್ತಿದ್ದೆ. ಅಕ್ಕನಿಗೆ ನನಗಿಂತ ಹೆಚ್ಚು ಆಯುಸ್ಸು ಕೊಡು ಅಂತ. ಕೇಳಿ ಕೇಳಿ ಕೊನೆಗೆ ನಿಜವಾಗ್ಲೂ ಹಾಗೇ ಅನ್ನಿಸ್ತಿತ್ತು. ಈಗ ನೋಡು, ಅವರೇ ಮೊದಲು ಹೋದ್ರು.”

ಕೊನೆಯ ಬಟ್ಟೆಯನ್ನು ಮಡಿಸಿ ಅದರ ಮೇಲೆ ಕೈಯಿಟ್ಟುಕೊಂಡು ಅತ್ತಳು. ತನಗಿಂತ ಹೆಚ್ಚು ಅಂತ ಕೇಳಿದ್ದಳು. ಹಾಗೆ ಕೇಳಿದರೆ ತನಗೆ ಎಂದಿಗೂ ಸಿಗುವುದಿಲ್ಲ ಅಂತ ತಿಳಿದೇ ಕೇಳಿದ್ದಳು. ಅವಳ ಮಡಿಲಲ್ಲಿ ಯಾರದೋ ಮಗು ನಿದ್ದೆ ಮಾಡುತ್ತಿದ್ದಾಗ, ಕಾಲಿನ ಬಳಿ ಊರಿನವರ ಛತ್ರಿಗಳು ನೀರು ಬಿಡುತ್ತಿದ್ದಾಗ.

ಗೋಣಿಕೊಪ್ಪಲಿನಲ್ಲಿ ತಿಂಗಳ ಪೂಜೆ ನಡೆಯಿತು, ಈಸ್ಟರ್ ಕಳೆಯಿತು. ಆಮೇಲೆ ಒಂದು ಶನಿವಾರ ಅಪ್ಪ ಅಮ್ಮನ ಮದುವೆಯಾಯಿತು. ಮರುದಿನ ಅಮ್ಮ ಎಲ್ಲರಂತೆ ಸಾಲಿನಲ್ಲಿ ನಿಂತಳು, ಹಿಂದೆ ಅಪ್ಪ. ಮುಂಗಾರಿಗೆ ಮೊದಲಿನ ಮಳೆ ಹೆಂಚಿನ ಮೇಲೆ ಸುರಿಯುತ್ತಿತ್ತು. ನಾನು ಕೊನೆಯ ಬೆಂಚಿನಲ್ಲಿದ್ದೆ, ಏಳಲಿಲ್ಲ. ನನ್ನನ್ನು ತಡೆಯುವ ನಿಯಮ ಯಾವುದೂ ಇರಲಿಲ್ಲ, ಮನಸ್ಸಿರಲಿಲ್ಲ ಅಷ್ಟೆ.

ಗುರ್ಕಾರರು ಸಾಲಿಗೆ ಹೋಗುವ ಮುಂಚೆ ನನ್ನ ಬಳಿ ಬಗ್ಗಿ, “ಅಂತೂ ನಿಮ್ಮಮ್ಮ ಇವತ್ತು ವರಪ್ರಸಾದಕ್ಕೆ ಬಂದ್ರು,” ಅಂದರು. ಕಣ್ಣಲ್ಲಿ ನೀರಿತ್ತು. ಅಭ್ಯಾಸಬಲದಿಂದ ತೊಟ್ಟಿಕ್ಕುವ ಛತ್ರಿಯನ್ನು ನನ್ನ ಕಡೆಗೆ ಚಾಚಿದರು.

ನಾನು ಕೈ ಕಟ್ಟಿಕೊಂಡು ಕೂತೆ. ಛತ್ರಿ ಹಿಡಿದುಕೊಂಡೇ ಅವರು ಪೀಠದ ಮುಂದಕ್ಕೆ ಹೋದರು.