ಫಿನಿಶ್ ಗೆರೆಯಾಚೆಯ ಹುರುಳಿ

ಕೊರೊನಾ ಕಳೆದ ಮೇಲಿನ ಎರಡನೆಯ ಜನವರಿ. ಆಗ ನಾನು ಚಿಕ್ಕಬಳ್ಳಾಪುರದ ಒಂದು ಪಾಲಿಟೆಕ್ನಿಕ್‌ನಲ್ಲಿ ಆಟೊಮೊಬೈಲ್ ಎಂಜಿನಿಯರಿಂಗ್ ಕಲಿಸುತ್ತಿದ್ದೆ. ಅದರ ಜೊತೆಗೆ ಹನ್ನೊಂದು ವರ್ಷಗಳಿಂದ ನಮ್ಮ ಭಾಗದ ಡ್ರ್ಯಾಗ್ ರೇಸಿಗೆ ಸ್ಕ್ರೂಟಿನಿಯರ್ ಆಗಿದ್ದೆ. ಅಂದರೆ ಓಟಕ್ಕೆ ಮೊದಲು ಪ್ರತಿ ಬೈಕಿನ ಬ್ರೇಕು, ಚೈನು, ಟೈರು ಮತ್ತು ಸವಾರನ ಹೆಲ್ಮೆಟ್ಟನ್ನು ಪರೀಕ್ಷಿಸುವವನು. ಕೊನೆಗೆ ರಸ್ತೆಯನ್ನೂ ನೋಡಿ, ‘ಟ್ರ್ಯಾಕ್ ಪೂರ್ತಿ ಪರಿಶೀಲಿಸಲಾಗಿದೆ’ ಎಂಬ ಹಾಳೆಗೆ ಸಹಿ ಹಾಕುವವನು. ಈ ಬರಹ ಆ ಸಹಿಯ ಬಗ್ಗೆ.

ಡ್ರ್ಯಾಗ್ ರೇಸ್ ನೋಡದವರಿಗೆ ಎರಡು ಮಾತು ಹೇಳಬೇಕು. ನೇರ ರಸ್ತೆ, ಎರಡು ಲೇನ್, ಎರಡು ಬೈಕ್. ಹಸಿರು ದೀಪ ಬಿದ್ದ ಕ್ಷಣದಿಂದ ಕಾಲು ಮೈಲಿ, ಅಂದರೆ 402 ಮೀಟರ್. ಮೊದಲು ದಾಟಿದವನು ಗೆದ್ದ. ಹತ್ತು ಹನ್ನೆರಡು ಸೆಕೆಂಡಿನಲ್ಲಿ ಎಲ್ಲ ಮುಗಿಯುತ್ತದೆ. ಆದರೆ ಬೈಕು ಅಲ್ಲಿಗೆ ನಿಲ್ಲುವುದಿಲ್ಲ. ಗೆರೆ ದಾಟುವಾಗ ದೊಡ್ಡ ಬೈಕಿನ ವೇಗ ಗಂಟೆಗೆ ಇನ್ನೂರು ಕಿಲೋಮೀಟರ್ ಮೀರಿರುತ್ತದೆ. ಅದು ವೇಗ ಇಳಿಸಿ ನಿಲ್ಲಲು ಬೇಕಾದ ಮುಂದಿನ ರಸ್ತೆಗೆ ಶಟ್‌ಡೌನ್ ಏರಿಯಾ ಎನ್ನುತ್ತೇವೆ. ಜನ ನಿಂತು ನೋಡುವುದು ಸ್ಟಾರ್ಟ್ ಹತ್ತಿರ, ಫೋಟೊ ತೆಗೆಯುವುದು ಫಿನಿಶ್ ಹತ್ತಿರ. ಶಟ್‌ಡೌನ್ ಕಡೆ ಯಾರೂ ನೋಡುವುದಿಲ್ಲ.

ನಮ್ಮ ಟ್ರ್ಯಾಕ್ ಮಂಚೇನಹಳ್ಳಿಯ ಆಚೆ, ಸೈಟು ಮಾರಾಟವಾಗದೆ ನಿಂತುಹೋದ ಒಂದು ಲೇಔಟ್‌ನ ರಸ್ತೆ. ಒಂದೂಕಾಲು ಕಿಲೋಮೀಟರ್, ಗೆರೆ ಎಳೆದ ಹಾಗೆ ನೇರ. ವರ್ಷಕ್ಕೆ ಎರಡು ದಿನ ನಮ್ಮದು. ಉಳಿದ ದಿನ ಅಕ್ಕಪಕ್ಕದ ಹೊಲದವರ ಕಣ. ನಮ್ಮ ಕಡೆ ಇದು ಹೊಸದೇನಲ್ಲ. ಸುಗ್ಗಿಯಲ್ಲಿ ರಾಗಿ, ಹುರುಳಿ ಗಿಡಗಳನ್ನು ಡಾಂಬರಿನ ಮೇಲೆ ಹರಡುತ್ತಾರೆ, ಓಡಾಡುವ ಗಾಡಿಗಳ ಚಕ್ರವೇ ಒಕ್ಕಣೆ ಮಾಡಿಕೊಡುತ್ತದೆ. ಲೇಔಟ್‌ನ ಗೇಟು ಇದ್ದದ್ದು ಫಿನಿಶ್ ಗೆರೆಯ ಆಚೆ, ರಸ್ತೆಯ ಕೊನೆಯ ತುದಿಯಲ್ಲಿ. ರೇಸಿನ ಹಿಂದಿನ ಎರಡು ದಿನ ನಮ್ಮ ಟೆಂಪೊ, ಲಾರಿಗಳು ಆ ಕಡೆಯಿಂದಲೇ ಬರುತ್ತವೆಂದು ಅಲ್ಲಿನ ಹೊಲದ ಮುನಿಯಮ್ಮನ ಮನೆಯವರಿಗೆ ಚೆನ್ನಾಗಿ ಗೊತ್ತಿತ್ತು. ಪ್ರತಿ ವರ್ಷ ಅವರ ಹುರುಳಿ ಆ ತುದಿಯಲ್ಲಿ ನಮ್ಮ ಗಾಡಿಗಳಿಗೆ ಕಾಯುತ್ತಿತ್ತು. ಅರವತ್ತು ದಾಟಿದ ಆಕೆ ಒಮ್ಮೆ ನನಗೆ, “ನಿಮ್ಮ ರೇಸು ವರ್ಷಕ್ಕೆ ನಾಕು ಸಲ ಮಾಡಿ ನಾಯನಾ, ಟ್ರ್ಯಾಕ್ಟ್ರು ಬಾಡಿಗೆ ಉಳೀತದೆ” ಅಂದಿದ್ದಳು. ಎಲ್ಲರೂ ನಕ್ಕಿದ್ದೆವು.

ನಗುವ ಕಾಲ ಅದು. ತೊಂಬತ್ತಕ್ಕೂ ಮೀರಿ ಬೈಕು ಬರುತ್ತಿದ್ದವು. ಶಿಡ್ಲಘಟ್ಟ, ಚಿಂತಾಮಣಿ, ಹಿಂದೂಪುರದ ಗ್ಯಾರೇಜಿನವರು ತಾವೇ ಎಂಜಿನ್ನಿನ ಪೋರ್ಟ್ ಕೊರೆದು, ತಾವೇ ಸೈಲೆನ್ಸರ್ ಬೆಸುಗೆ ಹಾಕಿ ತರುತ್ತಿದ್ದರು. ಒಂದೂವರೆ ಸಾವಿರ ಪ್ರವೇಶ ಶುಲ್ಕ ಕಟ್ಟಿ, ಮನೆಯಿಂದ ಬುತ್ತಿ ತಂದು, ಸಂಜೆ ಬಸ್ಸಿಗೆ ವಾಪಸ್. ನಾನು ಹೇಳುತ್ತಿರುವ ವರ್ಷಕ್ಕೆ ಶುಲ್ಕ ಆರು ಸಾವಿರ ಆಗಿತ್ತು. ಅದರ ಮೇಲೆ ರೇಸಿನ ಲೈಸೆನ್ಸು, ವಿಮೆ, ಲೆದರ್ ಸೂಟು. ಹೊರದೇಶದ, ಗೀರಿಲ್ಲದ ಸ್ಲಿಕ್ ಟೈರ್ ಒಂದರ ಬೆಲೆಗೆ ನಮ್ಮೂರ ಮೆಕ್ಯಾನಿಕ್ಕಿನ ಎರಡು ತಿಂಗಳ ದುಡಿಮೆ ಹೋಗುತ್ತಿತ್ತು. ಬಂದದ್ದು ಮೂವತ್ತೊಂದು ಬೈಕು. ಉಳಿದವರು ಎಲ್ಲಿ ಹೋದರು ಎಂದರೆ, ಹೈವೇಗೆ. ಅಲ್ಲಿ ಶುಲ್ಕವೂ ಇಲ್ಲ, ಸ್ಕ್ರೂಟಿನಿಯರೂ ಇಲ್ಲ, ಆಂಬ್ಯುಲೆನ್ಸೂ ಇಲ್ಲ. ಇದನ್ನು ಸಂಘಟಕರ ಸಭೆಯಲ್ಲಿ ನಾನು ಎಷ್ಟು ಸಲ ಹೇಳಿದ್ದೇನೋ ನನಗೇ ಲೆಕ್ಕವಿಲ್ಲ. ಪ್ರತಿ ಸಲವೂ ಎಲ್ಲರೂ ತಲೆ ಆಡಿಸಿ ಕಾಫಿ ಕುಡಿದು ಎದ್ದರು.

ಸಂಘಟಕ ರಘುವಿಗೆ ಚಿಂತಾಮಣಿಯಲ್ಲಿ ಟೈರ್ ಅಂಗಡಿ. ರೇಸಿನ ಮೇಲೆ ಪ್ರಾಣ ಇಟ್ಟವನು, ಕೆಟ್ಟವನಲ್ಲ. ಬೈಕು ಕಡಿಮೆಯಾದಂತೆ ಅವನು ಖರ್ಚು ಕಡಿಯುತ್ತ ಹೋದ. ಸ್ಟೇಜು, ಮೈಕು, ಟ್ರೋಫಿ, ಪ್ರಾಯೋಜಕರ ಬ್ಯಾನರು ಮುಟ್ಟುವಂತಿರಲಿಲ್ಲ, ಅವು ಕಾಣುವಂಥವು. ಎರಡು ಆಂಬ್ಯುಲೆನ್ಸು ಒಂದಾಯಿತು. ದೊಡ್ಡ ಬೈಕುಗಳಿಗೆ ಶನಿವಾರದ ಪ್ರಾಕ್ಟೀಸ್ ರದ್ದಾಯಿತು. ರಾಗಿ ಹುಲ್ಲಿನ ಬೆಲೆ ಏರಿದ್ದರಿಂದ ಜಾರಿದ ಬೈಕು ತಡೆಯಲು ರಸ್ತೆಯಂಚಿಗೆ ಇಡುವ ಹುಲ್ಲಿನ ಪೆಂಡಿಗಳು ಫಿನಿಶ್ ಗೆರೆಯವರೆಗೆ ಮಾತ್ರ. ಬೆಂಗಳೂರಿನಿಂದ ಪ್ರತಿ ವರ್ಷ ಬರುತ್ತಿದ್ದ, ದೂಳು ಹೀರುತ್ತ ಗುಡಿಸುವ ಲಾರಿಯೂ ಹೋಯಿತು. ಹಾಗಾದರೆ ಗುಡಿಸುವವರು ಯಾರು ಎಂದು ನಾನು ಕೇಳಿದೆ. ರಘು ನಕ್ಕ.

“ಹುರುಳಿ ಹರಡೋರೂ ಅವರೇ, ಗುಡಿಸ್ಕೊಳ್ಳೋರೂ ಅವರೇ ಅಲ್ವಾ ಸಾರ್? ಒಂದು ಕಾಳು ಬಿಡ್ತಾರಾ ಅವರು? ಕೈಗೆ ಸ್ವಲ್ಪ ದುಡ್ಡು ಕೊಟ್ಟಿದೀನಿ, ಲಾರಿಗಿಂತ ನೀಟಾಗಿ ಗುಡಿಸ್ತಾರೆ.”

ನನಗೂ ಸರಿ ಅನಿಸಿತು. ಈಗ ನೆನೆದರೆ ನನ್ನ ಮೇಲೇ ರೇಗುತ್ತದೆ.

ಭಾನುವಾರ ಬೆಳಿಗ್ಗೆ ಇನ್ನೊಂದು ತಲೆನೋವು. ಸಾವಿರ ಸಿಸಿಯ ಓಪನ್ ಕ್ಲಾಸಿಗೆ, ಅಂದರೆ ದೊಡ್ಡ ಬೈಕುಗಳ ವಿಭಾಗಕ್ಕೆ, ನಾಲ್ಕೇ ಹೆಸರು. ಐದು ಹೆಸರಿಲ್ಲದಿದ್ದರೆ ಕ್ಲಾಸ್ ರದ್ದು ಎಂಬುದು ನಿಯಮ. ಪ್ರಾಯೋಜಕರು ಹಣ ಕೊಟ್ಟದ್ದೇ ಆ ಕ್ಲಾಸ್ ನೋಡಿ. ರಘುವಿನ ಮುಖ ಬಾಡಿತ್ತು. ಆಗ ಗುಂಪಿನಲ್ಲಿ ಟೀ ಕುಡಿಯುತ್ತ ನಿಂತಿದ್ದ ನಾಗರಾಜನನ್ನು ತೋರಿಸಿದವನು ನಾನು. ಗೌರಿಬಿದನೂರಿನಲ್ಲಿ ಗ್ಯಾರೇಜು, ನಲವತ್ತೆರಡು ವಯಸ್ಸು. ಒಂದು ಕಾಲಕ್ಕೆ ಟೂ-ಸ್ಟ್ರೋಕ್ ಬೈಕಿನಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಮಗಳನ್ನು ಕಾಲೇಜಿಗೆ ಸೇರಿಸುವಾಗ ಬೈಕು ಮಾರಿ ಸುಮ್ಮನಾಗಿದ್ದ. ರೇಸಿನ ಲೈಸೆನ್ಸ್ ಮಾತ್ರ ಅಭಿಮಾನಕ್ಕೆ ಪ್ರತಿ ವರ್ಷ ನವೀಕರಿಸುತ್ತಿದ್ದ.

“ಬೇಡ ಮೇಷ್ಟ್ರೇ. ನೋಡಕ್ ಬಂದವನು ನಾನು” ಅಂದ.

“ಒಂದೇ ಓಟ ಕಣಯ್ಯ. ಹೆಸರಿಗೆ. ಕ್ಲಾಸ್ ಉಳೀತದೆ” ಅಂದೆ.

ಗೆಳೆಯರೊಬ್ಬರು ಬೈಕು ಕೊಟ್ಟರು. ಯಾರೋ ಅವನ ಹಳೆಯ ಲೆದರ್ ಸೂಟ್ ತರಿಸಿದರು. ಅದರೊಳಗೆ ಅವನನ್ನು ತುಂಬಿಸಲು ಇಬ್ಬರು ಹಿಡಿದೆಳೆಯಬೇಕಾಯಿತು. “ಜಿಪ್ಪು ಹೊಟ್ಟೆ ಹತ್ರ ಸ್ಟ್ರೈಕ್ ಮಾಡ್ತಾ ಇದೆ ಮೇಷ್ಟ್ರೇ” ಎಂದು ಅವನೇ ನಗಿಸಿದ. ಜಿಪ್ಪು ಪೂರ್ತಿ ಏರುವವರೆಗೆ ನಾನು ಬಿಡಲಿಲ್ಲ. ಬೈಕನ್ನು ಮುಕ್ಕಾಲು ಗಂಟೆ ಪರೀಕ್ಷಿಸಿದೆ. ಚೈನನ್ನು ಬೆರಳಲ್ಲಿ ಎತ್ತಿ ಸಡಿಲ ಅಳೆದೆ, ಬ್ರೇಕ್ ಪ್ಯಾಡು ಬಿಚ್ಚಿಸಿ ನೋಡಿದೆ. ಆಮೇಲೆ ಟ್ರ್ಯಾಕ್ ನೋಡಲು ಹೊರಟೆ. ಸ್ಟಾರ್ಟಿನಿಂದ ಫಿನಿಶ್ ಗೆರೆಯವರೆಗೆ ಎರಡೂ ಲೇನ್ ನಡೆದೆ. ಗೆರೆಯ ಮೇಲೆ ನಿಂತು ಆ ಕಡೆ ಕಣ್ಣು ಹಾಯಿಸಿದೆ. ರಸ್ತೆ ಕಪ್ಪಗೆ, ಸ್ವಚ್ಛವಾಗಿ ಕಂಡಿತು. ಬಿಸಿಲು ಏರುತ್ತಿತ್ತು, ಮೈಕಿನಲ್ಲಿ ನನ್ನ ಹೆಸರು ಕೂಗುತ್ತಿದ್ದರು. ವಾಪಸ್ ಬಂದು ಸಹಿ ಹಾಕಿದೆ.

ಸಣ್ಣ ಬೈಕುಗಳ ಓಟ ಮಧ್ಯಾಹ್ನದವರೆಗೆ ನಡೆಯಿತು. ಅವು ಗೆರೆ ದಾಟಿ ಇನ್ನೂರೈವತ್ತು, ಮುನ್ನೂರು ಮೀಟರಿನಲ್ಲಿ ನಿಂತು ಪಕ್ಕದ ಮಣ್ಣು ದಾರಿಯಲ್ಲಿ ಹಿಂತಿರುಗುತ್ತಿದ್ದವು. ಒಂದು ಓಟಕ್ಕೂ ಇನ್ನೊಂದಕ್ಕೂ ನಡುವೆ, ದೂರದ ತುದಿಯಲ್ಲಿ ಒಂದೇ ಜಾಗಕ್ಕೆ ಗೊರವಂಕ, ಪಾರಿವಾಳಗಳು ಇಳಿಯುವುದು ಕಾಣುತ್ತಿತ್ತು. ಶಬ್ದಕ್ಕೆ ಹಾರುವುದು, ಮತ್ತೆ ಅಲ್ಲೇ ಇಳಿಯುವುದು. ನಾನು ನೋಡಿದೆ. ಒಂದಲ್ಲ, ಐದಾರು ಸಲ ನೋಡಿದೆ. ಫಿನಿಶ್ ಗೆರೆಯಲ್ಲಿ ಕಾವಲಿದ್ದ ಮಾರ್ಷಲ್‌ಗೆ ವಾಕಿ-ಟಾಕಿಯಲ್ಲಿ “ಹಕ್ಕಿ ಓಡಿಸಪ್ಪ” ಎಂದು ಹೇಳಿದೆ ಕೂಡ. ಖಾಲಿ ಡಾಂಬರಿನ ಮೇಲೆ ಹಕ್ಕಿಗೆ ಏನು ಕೆಲಸ ಎಂದು ಎಂಜಿನಿಯರಿಂಗ್ ಓದಿದ ಈ ತಲೆಗೆ ಹೊಳೆಯಲಿಲ್ಲ.

ಓಪನ್ ಕ್ಲಾಸಿನ ಮೊದಲ ಜೋಡಿಯಲ್ಲೇ ನಾಗರಾಜನಿದ್ದ. ಹಸಿರು ಬಿದ್ದದ್ದೇ ಎಡ ಲೇನಿನಿಂದ ಅವನು ಬಾಣದಂತೆ ಹೋದ. ಹದಿನೈದು ವರ್ಷ ಹಿಂದಿನ ನಾಗರಾಜ. ಜನ ಕೂಗಿದರು, ನಾನೂ ಕೂಗಿದೆ. ಗೆರೆಯನ್ನು ಅವನೇ ಮೊದಲು ದಾಟಿದ.

ಬಲ ಲೇನಿನವನು ಗೆರೆ ದಾಟುತ್ತಲೇ ಬ್ರೇಕ್ ಹಿಡಿದು ಅರ್ಧದಲ್ಲೇ ನಿಂತ. ನಾಗರಾಜ ನಿಲ್ಲಲಿಲ್ಲ. ಅದಕ್ಕೂ ಕಾರಣವಿದೆ. ಟೂ-ಸ್ಟ್ರೋಕ್ ಕಾಲದವರಿಗೆ ಒಂದು ಅಭ್ಯಾಸ: ಗೆರೆ ದಾಟಿದ ಕೂಡಲೇ ಕ್ಲಚ್ ಹಿಡಿದುಬಿಡುತ್ತಾರೆ. ಥ್ರಾಟಲ್ ಬಿಟ್ಟರೆ ಆ ಎಂಜಿನ್ನಿಗೆ ಆಯಿಲ್ ಸಾಲದೆ ಪಿಸ್ಟನ್ ಕಚ್ಚಿಕೊಂಡು ಹಿಂದಿನ ಚಕ್ರ ಬಿಗಿಯಬಹುದೆಂಬ ಭಯ. ಅವನು ಓಡಿಸುತ್ತಿದ್ದದ್ದು ಫೋರ್-ಸ್ಟ್ರೋಕ್. ಕೈಗೆ ಅದು ಗೊತ್ತಿರಲಿಲ್ಲ. ಕ್ಲಚ್ ಹಿಡಿದ, ಬೈಕು ತೇಲಿಕೊಂಡು ಹೋಯಿತು. ಆ ದಿನ ಯಾರೂ ಹೋಗದಷ್ಟು ದೂರ ಹೋಯಿತು. ರಸ್ತೆ ಮುಗಿಯುತ್ತ ಬಂದಾಗ ಮುಂದಿನ ಬ್ರೇಕನ್ನು ಗಟ್ಟಿಯಾಗಿ ಒತ್ತಿದ. ಸರಿಯಾಗಿ ಹಕ್ಕಿ ಇಳಿಯುತ್ತಿದ್ದ ಜಾಗದಲ್ಲಿ.

ನಾನು ಒಂದು ಕಿಲೋಮೀಟರ್ ಹಿಂದೆ, ಸ್ಟಾರ್ಟ್ ಗೆರೆಯಲ್ಲಿದ್ದೆ. ಹಕ್ಕಿಗಳು ಎದ್ದವು. ಬೈಕು ಮಲಗಿತು. ಅದರಿಂದ ಏನೋ ಕಪ್ಪಗೆ ಬೇರೆಯಾಗಿ ಉರುಳಿತು. ಯಾವ ಶಬ್ದವೂ ಇಲ್ಲ. ಅಷ್ಟು ದೂರದಿಂದ ಸದ್ದು ಬರಲು ಮೂರು ಸೆಕೆಂಡ್ ಬೇಕು, ವಿದ್ಯಾರ್ಥಿಗಳಿಗೆ ಲೆಕ್ಕ ಕೊಡುತ್ತಿದ್ದೆ. ಆ ಮೂರು ಸೆಕೆಂಡಿನಲ್ಲಿ ಹಿಂದಿನಿಂದ ಜನ ಇನ್ನೂ ಅವನ ಗೆಲುವಿಗೆ ಚಪ್ಪಾಳೆ ತಟ್ಟುತ್ತಿದ್ದರು. ಆಮೇಲೆ ತಗಡು ಕಲ್ಲಿಗೆ ಉಜ್ಜಿದಂಥ ಸದ್ದು ಬಂತು. ಇವತ್ತಿಗೂ ತರಗತಿಯಲ್ಲಿ ಶಬ್ದದ ವೇಗ ಬರೆಯುವಾಗ ಬೋರ್ಡಿನ ಮುಂದೆ ಒಂದು ಕ್ಷಣ ನಿಂತುಬಿಡುತ್ತೇನೆ.

ಇದ್ದ ಒಂದು ಆಂಬ್ಯುಲೆನ್ಸು ಸ್ಟಾರ್ಟಿನ ಹತ್ತಿರ, ಎರಡು ಕಾರುಗಳ ಹಿಂದೆ ಸಿಕ್ಕಿಕೊಂಡಿತ್ತು. ನಾನು ಸಿಕ್ಕ ಸ್ಕೂಟರ್ ಹತ್ತಿ ಹೋದೆ. ನಾಗರಾಜ ಅಂಗಾತ ಬಿದ್ದಿದ್ದ, ಕಣ್ಣು ತೆರೆದಿದ್ದ. ಬಲಗೈ ಮಣಿಕಟ್ಟು ಇರಬಾರದ ಕಡೆಗೆ ತಿರುಗಿತ್ತು. “ಅಲ್ಲಾಡಬೇಡ” ಅಂದೆ. ಮಂಡಿಯೂರಿದ ನನ್ನ ಮೊಣಕಾಲಿಗೆ ಏನೋ ಚುಚ್ಚಿತು. ಹುರುಳಿ ಕಾಳು. ಕಣ್ಣಿಗೆ ಕಾಣದಂತೆ ಡಾಂಬರಿನ ಬಣ್ಣದಲ್ಲೇ ಬೆರೆತು, ಎರಡು ಮಾರು ಅಗಲಕ್ಕೆ ಚೆಲ್ಲಿತ್ತು. ಬೇರಿಂಗಿನ ಗುಂಡುಗಳ ಹಾಗೆ.

ತಲೆ ಎತ್ತಿದೆ. ಅರವತ್ತು ಮೀಟರ್ ಆಚೆ, ರಸ್ತೆಯ ಅಂಚಿನಲ್ಲಿ ಪೇರಿಸಿದ್ದ ಹುರುಳಿ ಮೂಟೆಗಳಿಗೆ ಬೈಕು ನುಗ್ಗಿ ನಿಂತಿತ್ತು. ಒಂದು ಮೂಟೆ ಹರಿದು ಕಾಳು ಸುರಿಯುತ್ತಿತ್ತು. ಮೂಟೆಗಳ ಹಿಂದೆ ಮುನಿಯಮ್ಮ, ಕೈಯಲ್ಲಿ ಮೊರ ಹಿಡಿದು ನಿಂತಿದ್ದಳು. ಮೂಟೆಗೂ ಆಕೆಗೂ ನಡುವೆ ಎರಡು ಹೆಜ್ಜೆ. ಅಲ್ಲಿ ನಾವು ಒಂದು ಹುಲ್ಲಿನ ಪೆಂಡಿಯನ್ನೂ ಇಟ್ಟಿರಲಿಲ್ಲ. ಆಕೆಯನ್ನು ಉಳಿಸಿದ್ದು ಆಕೆಯದೇ ಬೆಳೆ.

ಆಂಬ್ಯುಲೆನ್ಸ್ ಬಂದು ಅವನನ್ನು ಒಯ್ದ ಮೇಲೆ ರಘು ಆಕೆಯ ಮೇಲೆ ರೇಗಿದ. ದುಡ್ಡು ತೆಗೆದುಕೊಂಡು ಗುಡಿಸಿದ್ದು ಹೀಗಾ ಎಂದ. ಮುನಿಯಮ್ಮ ತಗ್ಗಲಿಲ್ಲ. ಪೊರಕೆಯಲ್ಲಿ ಮೂರು ಸಲ ಗುಡಿಸಿದ್ದಾಗಿ ಹೇಳಿದಳು. ಕೊನೆಗೆ ಎರಡು ಬೊಗಸೆ ತಾನೇ ಚೆಲ್ಲಿದ್ದೆಂದೂ ಹೇಳಿದಳು.

“ಕಣ ಬರಿದು ಮಾಡಬಾರ್ದು. ಹಕ್ಕಿ ಪಾಲು ಬಿಡ್ಬೇಕು. ನಮ್ಮತ್ತೆ ಕಾಲದಿಂದ ಬಿಡ್ತಾ ಇದೀವಿ. ಲಾರಿ ಬಂದು ಎಳ್ಕೊಂಡು ಹೋಗ್ತಿತ್ತು, ಈ ಸಲ ಬರಲಿಲ್ಲ.” ಆಮೇಲೆ ನನ್ನ ಕಡೆ ತಿರುಗಿದಳು. “ಕೇಳಿದ್ರೆ ಹೇಳ್ತಿದ್ದೆ ನಾಯನಾ. ಬೆಳಿಗ್ಗೆಯಿಂದ ಇಲ್ಲೇ ಕೂತಿದೀನಿ. ಈ ಕಡೆಗೆ ಯಾರೂ ನಡ್ಕೊಂಡು ಬರಲೇ ಇಲ್ವಲ್ಲ.”

ಸಹಿ ಮಾಡಿದ ಹಾಳೆ ನನ್ನ ಜೇಬಿನಲ್ಲಿತ್ತು.

ನಾಗರಾಜನಿಗೆ ಕಾಲರ್ ಬೋನ್ ಮುರಿದಿತ್ತು, ಮಣಿಕಟ್ಟಿಗೆ ಪ್ಲೇಟ್ ಹಾಕಿದರು. ಹೆಲ್ಮೆಟ್ಟಿನ ಒಂದು ಬದಿ ಅರ್ಧದಷ್ಟು ಸವೆದುಹೋಗಿತ್ತು. ಮೂರನೆಯ ದಿನ ಆಸ್ಪತ್ರೆಗೆ ಹೋದೆ. ಅವನ ಹೆಂಡತಿ ನನ್ನನ್ನು ನೋಡಿ ಎದ್ದು ಹೊರಗೆ ಹೋದಳು. ಅವನು ಎಡಗೈಯಲ್ಲಿ ನನಗೆ ಕುರ್ಚಿ ತೋರಿಸಿದ.

“ಮೇಷ್ಟ್ರೇ, ಬೈಕಿಗೆ ಮುಕ್ಕಾಲು ಗಂಟೆ ತಗೊಂಡ್ರಿ. ಜಿಪ್ಪು ಹಾಕೋವರ್ಗೂ ಬಿಡಲಿಲ್ಲ. ರೋಡು ಎಷ್ಟು ದೂರ ನೋಡಿದ್ರಿ?”

ಸುಳ್ಳು ಹೇಳಲಾಗಲಿಲ್ಲ. “ಫಿನಿಶ್‌ವರೆಗೂ” ಅಂದೆ.

“ಅಲ್ಲೀವರ್ಗೂ ಚೆನ್ನಾಗಿತ್ತು ಬಿಡಿ ರೋಡು” ಅಂದ.

ಬೈದಿದ್ದರೆ ಹಗುರಾಗುತ್ತಿತ್ತು.

ಅವನ ಬಲಗೈ ಹಿಡಿತ ಪೂರ್ತಿ ಬರಲಿಲ್ಲ. ಈಗಲೂ ಗ್ಯಾರೇಜಿನಲ್ಲಿ ಬಿಗಿ ಬೋಲ್ಟ್ ಬಂದರೆ ಎಡಗೈಯಲ್ಲಿ ಸ್ಪ್ಯಾನರ್ ಹಿಡಿಯುತ್ತಾನೆ. ನಂತರದ ಸಭೆಯಲ್ಲಿ ಎರಡು ಗಂಟೆ ಚರ್ಚೆಯಾಯಿತು. ಹುರುಳಿ ಹರಡದಂತೆ ಊರವರಿಗೆ ನೋಟಿಸ್ ಕೊಡಬೇಕೆಂದರು. ಬೈಕು ಬರುತ್ತಿಲ್ಲ, ಆದ್ದರಿಂದ ದುಡ್ಡಿಲ್ಲ; ದುಡ್ಡಿಲ್ಲ, ಆದ್ದರಿಂದ ಗುಡಿಸುವ ಲಾರಿ ಇಲ್ಲ; ಅಪಘಾತವಾಯಿತು, ಆದ್ದರಿಂದ ವಿಮೆ ದುಬಾರಿ; ವಿಮೆ ದುಬಾರಿ, ಆದ್ದರಿಂದ ಶುಲ್ಕ ಏಳೂವರೆ ಸಾವಿರ. ಗಾಣದೆತ್ತಿನ ಹಾಗೆ ಅಲ್ಲಲ್ಲೇ ಸುತ್ತಿದೆವು. ಶುಲ್ಕ ಏರಿಸಿದರೆ ಇನ್ನಷ್ಟು ಜನ ಬಿಡುತ್ತಾರೆ, ಟ್ರೋಫಿ ಬಿಟ್ಟು ಲಾರಿ ತರಿಸಿ ಎಂದೆ. ಟ್ರೋಫಿ ಇಲ್ಲದೆ ರೇಸು ಹೇಗೆ ಸಾರ್ ಎಂದರು. ಕಾಫಿ ಬಂತು.

ಹನ್ನೊಂದು ವರ್ಷದ ಕೆಲಸ ಕಲಿಸದ್ದನ್ನು ಆ ಒಂದು ಮಧ್ಯಾಹ್ನ ಕಲಿಸಿತು. ದುಡ್ಡು ಸಾಲದೆ ಹೋದಾಗ ಕತ್ತರಿ ಮೊದಲು ಬೀಳುವುದು ಯಾರೂ ನೋಡದ ಕಡೆ. ಪರೀಕ್ಷಿಸುವವನು ಹೋಗಿ ನಿಲ್ಲಬೇಕಾದ ಜಾಗವೂ ಅದೇ. ಅಲ್ಲಿಗೆ ನಡೆಯದೆ ಹಾಕಿದ ಸಹಿಗಿಂತ ಸಹಿಯೇ ಇಲ್ಲದಿರುವುದು ಮೇಲು.

ಮರುವರ್ಷ ರೇಸ್ ನಡೆಯಲಿಲ್ಲ. ಅದರ ಮುಂದಿನ ವರ್ಷ ಹತ್ತೊಂಬತ್ತು ಬೈಕು ಬಂದವು. ಬೆಳಿಗ್ಗೆ ಒಂದೂಕಾಲು ಕಿಲೋಮೀಟರನ್ನೂ, ಎರಡೂ ಲೇನುಗಳಲ್ಲಿ, ಹೋಗುತ್ತ ಒಂದು ಬರುತ್ತ ಒಂದು, ತಲೆ ಬಗ್ಗಿಸಿ ನಡೆದೆ. ಮುನಿಯಮ್ಮ ಹಕ್ಕಿ ಪಾಲನ್ನು ಬದುವಿನಾಚೆಯ ಬಂಡೆಯ ಮೇಲೆ ಇಟ್ಟಿದ್ದಳು, ಕೈ ತೋರಿಸಿದಳು. ಗೊರವಂಕಗಳು ಅಲ್ಲಿದ್ದವು. ಹಿಂತಿರುಗುವಷ್ಟರಲ್ಲಿ ರಘು ಪಟ್ಟಿ ಹಿಡಿದು ಕಾಯುತ್ತಿದ್ದ. ಓಪನ್ ಕ್ಲಾಸಿನಲ್ಲಿ ಮತ್ತೆ ನಾಲ್ಕೇ ಹೆಸರು. ಅವನು ಗುಂಪಿನ ಕಡೆ ನೋಡಿದ, ಆಮೇಲೆ ನನ್ನ ಮುಖ ನೋಡಿದ.

ನಾನು ಪೆನ್ನು ತೆಗೆದು ಆ ಕ್ಲಾಸಿನ ಮೇಲೆ ಗೆರೆ ಎಳೆದೆ. ಐದನೆಯವನನ್ನು ಹುಡುಕಲಿಲ್ಲ.